ಗುಜರಿಗೆ ಹೋಗದ ಕಾರುಗಳು

ಎಲ್ಲರಿಗೂ ನಮಸ್ಕಾರ. ಫ್ಯಾನ್ ಕೆಳಗೆ ಜಾಗ ಸಿಕ್ಕವರು ಪುಣ್ಯವಂತರು. ಉಳಿದವರಿಗೆ ಹಿಂದೆ ಮಜ್ಜಿಗೆ ಇಟ್ಟಿದ್ದಾರೆ. ನಡುವೆ ಎದ್ದು ಹೋಗಿ ಕುಡಿದು ಬನ್ನಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದವನು ನಾನು. ಪಾಠದ ನಡುವೆ ಎದ್ದು ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ.

ಹಳೆಯ ಕಾರು, ನಾಳೆಯ ಕಾರು ಎರಡರ ಬಗ್ಗೆಯೂ ಮಾತಾಡಿ ಅಂದಿದ್ದಾರೆ. ನಾನು ಗುಜರಿಯಿಂದ ಶುರು ಮಾಡುತ್ತೇನೆ.

ನಮ್ಮಪ್ಪನ ಗ್ಯಾರೇಜು ಇದೇ ಬಳ್ಳಾರಿಯಲ್ಲಿ, ಕೌಲ್ ಬಜಾರ್ ಕಡೆ ಇತ್ತು. ಮುಂದೆ ಒಂದು ಬೇವಿನ ಮರ. ಮರದ ಕೆಳಗೆ ಒಂದು ಲ್ಯಾಂಡ್‌ಮಾಸ್ಟರ್ ಕಾರು. ಹುಡುಗರು ಆ ಹೆಸರು ಕೇಳಿರಲಿಕ್ಕಿಲ್ಲ. ಅಂಬಾಸಿಡರ್‌ನ ಅಣ್ಣ ಅಂದುಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಎರಡನೇ ಸರಣಿಯನ್ನು ಹಿಂದುಸ್ತಾನ್ ಮೋಟಾರ್ಸ್‌ನವರು ಇಲ್ಲಿ ಆ ಹೆಸರಲ್ಲಿ ಮಾಡುತ್ತಿದ್ದರು. ಮೂರನೇ ಸರಣಿ ಬಂದಾಗ ಅದು ಅಂಬಾಸಿಡರ್ ಆಯಿತು, 2014ರವರೆಗೂ ಬಂತು. ನಮ್ಮ ಮರದ ಕೆಳಗಿನ ಲ್ಯಾಂಡ್‌ಮಾಸ್ಟರ್ ಓಡುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಮುಂದೆ ನಾನು ಕೂತು ಸ್ಟೀರಿಂಗ್ ತಿರುಗಿಸುತ್ತಾ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದೆ. ಒಂದು ಸಂಜೆ ಶಾಲೆಯಿಂದ ಬಂದರೆ ಕಾರಿಲ್ಲ. ನೆಲದಲ್ಲಿ ನಾಲ್ಕು ಗುಳಿ, ನಡುವೆ ಎಣ್ಣೆಯ ಕಲೆ. ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋಗಿದ್ದ. ನಾನು ಅತ್ತುಬಿಟ್ಟೆ. ಅಪ್ಪ ಒಂದೇ ಮಾತು ಅಂದರು: "ಓಡದ ಗಾಡಿ ಮನೆ ಮುಂದಿದ್ರೆ ದರಿದ್ರ ಕಣೋ."

ಅಪ್ಪನನ್ನು ಬೈಯಲು ಈ ಕಥೆ ಹೇಳಲಿಲ್ಲ. ಲೋಕವೆಲ್ಲ ಹಾಗೇ ಯೋಚಿಸುತ್ತದೆ. ಅಮೆರಿಕದ ದೊಡ್ಡ ದೊಡ್ಡ ಕಂಪನಿಗಳೂ ತಮ್ಮ ಮುದ್ದಿನ ಕಾರುಗಳಿಗೆ ಇದನ್ನೇ ಮಾಡಿದವು. ಅಲ್ಲಿಗೆ ಬರುವ ಮೊದಲು ಕಾನ್ಸೆಪ್ಟ್ ಕಾರು ಅಂದರೆ ಏನು ಅಂತ ಹೇಳಬೇಕು.

ನಮ್ಮ ಕಡೆ ಬಯಲಾಟ ನೋಡಿದವರು ಕೈ ಎತ್ತಿ. ಪರವಾಗಿಲ್ಲ, ಜಾಸ್ತಿ ಜನ ಇದ್ದೀರಿ. ಗ್ಯಾಸ್ ಲೈಟಿನ ಬೆಳಕಿನಲ್ಲಿ ರಾಜನ ಕಿರೀಟ, ಭುಜಕೀರ್ತಿ ಹೇಗೆ ಹೊಳೆಯುತ್ತವೆ! ಬೆಳಗ್ಗೆ ಚೌಕಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ಹಗುರ ಕಟ್ಟಿಗೆ, ಬೇಗಡೆ, ಕನ್ನಡಿ ಚೂರು. ಒಂದು ರಾತ್ರಿಯ ಆಟಕ್ಕೆ ಅಷ್ಟು ಸಾಕು. ಕಾನ್ಸೆಪ್ಟ್ ಕಾರು ಅಂದರೆ ಕಂಪನಿಯವರ ಕಿರೀಟ. ಮಾರಲಿಕ್ಕಲ್ಲ, ನಾಳೆಯ ಕಾರು ಹೀಗಿರಬಹುದು ಅಂತ ಪ್ರದರ್ಶನದಲ್ಲಿ ತೋರಿಸಲು ಮಾಡುವ ಕಾರು. ಎಷ್ಟೋ ಸಲ ಒಳಗೆ ಎಂಜಿನ್ನೇ ಇರುವುದಿಲ್ಲ. ತಿರುಗುವ ವೇದಿಕೆಯ ಮೇಲೆ ಫಳಫಳ ಹೊಳೆಯುವ ಕಾರನ್ನು ರಾತ್ರಿ ನಾಲ್ಕು ಜನ ಸೇರಿ ತಳ್ಳಿ ಒಳಗಿಟ್ಟಿರುತ್ತಾರೆ.

ಇದರ ಮೂಲಪುರುಷ ಹಾರ್ಲಿ ಅರ್ಲ್. ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಕಾರಿನ ರೂಪ ನೋಡಿಕೊಳ್ಳುತ್ತಿದ್ದವನು. ಕಾರಿನ ಆಕಾರವನ್ನು ಮೊದಲು ಜೇಡಿಮಣ್ಣಿನಲ್ಲಿ ಮಾಡಿ ನೋಡುವ ಪದ್ಧತಿಯನ್ನು ಈ ಉದ್ಯಮದಲ್ಲಿ ಬೆಳೆಸಿದವನು. ನಮ್ಮ ಗಣಪತಿ ಮಾಡುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 1938ರಲ್ಲಿ ಅವನು ಬ್ಯೂಕ್ ವೈ-ಜಾಬ್ ಅನ್ನುವ ಒಂದೇ ಒಂದು ಕಾರು ಮಾಡಿಸಿದ. ಮುಂದಿನ ದೀಪಗಳು ಮುಚ್ಚಿಕೊಳ್ಳುತ್ತಿದ್ದವು, ಕಿಟಕಿ ಗಾಜು ಕರೆಂಟಿನಿಂದ ಇಳಿಯುತ್ತಿತ್ತು. ಮೊದಲ ಕಾನ್ಸೆಪ್ಟ್ ಕಾರು ಅದೇ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಅದು ಬರೀ ಕಿರೀಟವಲ್ಲ, ಓಡುವ ಕಾರು. ಅರ್ಲ್ ವರ್ಷಗಟ್ಟಲೆ ತಾನೇ ಓಡಿಸಿಕೊಂಡು ತಿರುಗಿದ. ಇವತ್ತು ಹತ್ತು ಲಕ್ಷದ ಕಾರಿನಲ್ಲೂ ಪವರ್ ವಿಂಡೋ ಇದೆ, ಅಲ್ವಾ? ಬೀಜ ಎಲ್ಲಿ ಬಿತ್ತು ನೋಡಿ.

ಯುದ್ಧ ಮುಗಿದ ಮೇಲೆ ಆ ಕಂಪನಿ 1949ರಿಂದ 1961ರವರೆಗೆ ಮೋಟೋರಾಮಾ ಅನ್ನುವ ಕಾರುಗಳ ಜಾತ್ರೆ ನಡೆಸಿತು. ಜೆಟ್ ವಿಮಾನದ ಹುಚ್ಚು ಹಿಡಿದಿದ್ದ ಕಾಲ. ಫೈರ್‌ಬರ್ಡ್ 1 ಅನ್ನುವ ಕಾರಿಗೆ ರೆಕ್ಕೆ, ಬಾಲ, ಒಳಗೆ ಗ್ಯಾಸ್ ಟರ್ಬೈನ್ ಎಂಜಿನ್. ಹಿಂದಿನಿಂದ ಬರುವ ಗಾಳಿಯ ಬಿಸಿ 600 ಡಿಗ್ರಿ ದಾಟುತ್ತಿತ್ತು. ಮೋತಿ ಸರ್ಕಲ್ ಸಿಗ್ನಲ್‌ನಲ್ಲಿ ಅದರ ಹಿಂದೆ ನಮ್ಮ ಸ್ಕೂಟರ್ ನಿಂತಿದ್ದರೆ ಏನು ಗತಿ! ಫೋರ್ಡ್‌ನವರು ಇನ್ನೂ ಮುಂದೆ ಹೋದರು. ಡಿಕ್ಕಿಯಲ್ಲಿ ಅಣು ರಿಯಾಕ್ಟರ್ ಇಟ್ಟುಕೊಂಡು ಓಡುವ ನ್ಯೂಕ್ಲಿಯಾನ್ ಅನ್ನುವ ಕಾರನ್ನು 1958ರಲ್ಲಿ ತೋರಿಸಿದರು. ಪುಣ್ಯಕ್ಕೆ ಅದು ಚಿಕ್ಕ ಮಾದರಿಯಲ್ಲೇ ನಿಂತಿತು.

ಆಟ ಮುಗಿದ ಮೇಲೆ ಕಿರೀಟ ಏನಾಯಿತು? ಅದು ನನಗೆ ಇಷ್ಟವಾದ ಭಾಗ.

ಕ್ರೈಸ್ಲರ್ ಕಂಪನಿ ಇಟಲಿಯ ಟ್ಯೂರಿನ್‌ನಲ್ಲಿ ಘಿಯಾ ಅನ್ನುವ ಕಾರ್ಖಾನೆಯಿಂದ ನಾರ್ಸ್‌ಮನ್ ಅನ್ನುವ ಕಾನ್ಸೆಪ್ಟ್ ಕಾರು ಮಾಡಿಸಿತು. ಮುಂದಿನ ಗಾಜಿನ ಪಕ್ಕ ಕಂಬವೇ ಇಲ್ಲ. ಚಾವಣಿ ಹಿಂದಿನಿಂದ ಚಾಚಿಕೊಂಡು ನಿಂತಿತ್ತು. ಅದನ್ನು ಆಂಡ್ರಿಯಾ ಡೋರಿಯಾ ಹಡಗಿಗೆ ಹಾಕಿ ಅಮೆರಿಕಕ್ಕೆ ಕಳಿಸಿದರು. 1956ರ ಜುಲೈ 25ರ ರಾತ್ರಿ ಆ ಹಡಗಿಗೆ ಇನ್ನೊಂದು ಹಡಗು ಗುದ್ದಿತು. ಮರುದಿನ ಬೆಳಗ್ಗೆ ಅದು ಅಟ್ಲಾಂಟಿಕ್ ಸೇರಿತು. ಅಮೆರಿಕದ ಜನ ಒಬ್ಬರೂ ಆ ಕಾರನ್ನು ಪ್ರದರ್ಶನದಲ್ಲಿ ನೋಡಲೇ ಇಲ್ಲ. ಈಗಲೂ ಅಲ್ಲೇ ಇದೆ, ಅಂದರೆ ಉಪ್ಪುನೀರು ಉಳಿಸಿದಷ್ಟು ಇದೆ.

ಅದೇ ಘಿಯಾದವರು ಮಾಡಿದ ಇನ್ನೊಂದು ಕಾರು ಲಿಂಕನ್ ಫ್ಯೂಚುರಾ, 1955ರದು. ತಲೆಯ ಮೇಲೆ ಎರಡು ಗಾಜಿನ ಬೋಗುಣಿ ಕವುಚಿಟ್ಟ ಹಾಗೆ. ಪ್ರದರ್ಶನ ಮುಗಿಯಿತು, ಕಾರು ಮೂಲೆ ಸೇರಿತು. ಕೊನೆಗೆ ಜಾರ್ಜ್ ಬ್ಯಾರಿಸ್ ಅನ್ನುವ ಕಾರು ಕಸಬುದಾರನ ಕೈಗೆ ಬಂತು. ಟೀವಿಯವರು ಬ್ಯಾಟ್‌ಮನ್‌ಗೆ ಒಂದು ಕಾರು ಬೇಕು, ಬೇಗ ಬೇಕು ಅಂದರು. ಅವನು ಹಿತ್ತಲಲ್ಲಿ ನಿಂತಿದ್ದ ಫ್ಯೂಚುರಾಗೆ ಕಪ್ಪು ಬಣ್ಣ ಬಳಿದು ಬಾವಲಿ ರೆಕ್ಕೆ ಹಚ್ಚಿದ. 1966ರಿಂದ ಜಗತ್ತೆಲ್ಲ ನೋಡಿದ ಬ್ಯಾಟ್‌ಮೊಬೈಲ್ ಅದೇ.

ಇನ್ನು ಗುಜರಿ ಕಥೆ. 1950ರ ದಶಕದ ಕೊನೆಯಲ್ಲಿ ಜನರಲ್ ಮೋಟಾರ್ಸ್ ನಾಲ್ಕು ಮೋಟೋರಾಮಾ ಕಾರುಗಳನ್ನು ಡೆಟ್ರಾಯಿಟ್ ಹತ್ತಿರದ ವಾರ್‌ಹೂಪ್ಸ್ ಅನ್ನುವ ಗುಜರಿಗೆ ಕಳಿಸಿತು. ಪುಡಿ ಮಾಡಿ ಅಂತ ಆದೇಶ. ಗುಜರಿ ಮಾಲೀಕ ಪೂರ್ತಿ ಪುಡಿ ಮಾಡಲಿಲ್ಲ. ಒಂದಷ್ಟನ್ನು ಕತ್ತರಿಸಿದ. ತುಂಡುಗಳನ್ನು ಬಿಸಾಡದೆ ಹಿತ್ತಲಲ್ಲಿ ಪೇರಿಸಿಟ್ಟ. ಸುಮಾರು ಮೂವತ್ತು ವರ್ಷ ಮಳೆ, ಹಿಮ ಕುಡಿದವು. 1980ರ ದಶಕದ ಕೊನೆಗೆ ಜೋ ಬಾರ್ಟ್ಜ್ ಅನ್ನುವ ಸಂಗ್ರಾಹಕ ಬಂದು ನಾಲ್ಕನ್ನೂ ಕೊಂಡ. ತುಂಡು ಜೋಡಿಸಿ ಮತ್ತೆ ನಿಲ್ಲಿಸಿದ ಲಾಸಾಲ್ ರೋಡ್‌ಸ್ಟರ್, ಷೆವರ್ಲೆ ಬಿಸ್ಕೇನ್ ಇವತ್ತು ದೊಡ್ಡ ಪ್ರದರ್ಶನಗಳಲ್ಲಿ ಗೌರವದ ಅತಿಥಿಗಳು. ಡಿಸೈನ್ ಮಾಡಿದವರು ಉಳಿಸಲಿಲ್ಲ, ಕಂಪನಿ ಉಳಿಸಲಿಲ್ಲ. ಮಾತು ಕೇಳದ ಒಬ್ಬ ಗುಜರಿಯವನು ಉಳಿಸಿದ. ನಮ್ಮ ಲ್ಯಾಂಡ್‌ಮಾಸ್ಟರ್‌ಗೆ ಅಂಥವನು ಸಿಗಲಿಲ್ಲ.

ಈಗ ದುಡ್ಡಿನ ಮಾತು. ಎಲ್ಲರೂ ಇದಕ್ಕೇ ಕಾಯುತ್ತಿದ್ದೀರಿ, ಗೊತ್ತು.

ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೋಗಿ ಬಂದ ನಮ್ಮ ರೈತರಿಗೆ ಕಾರು ಹರಾಜನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಾಯಿಯ ಬಣ್ಣ ನೋಡುತ್ತಾರೆ, ಇಲ್ಲಿ ಎಂಜಿನ್ ನಂಬರ್ ನೋಡುತ್ತಾರೆ. ಇದಕ್ಕಿಂತ ಕಮ್ಮಿಗೆ ಕೊಡಲ್ಲ ಅಂತ ಮಾಲೀಕ ಮನಸ್ಸಲ್ಲಿಟ್ಟ ಬೆಲೆಗೆ ರಿಸರ್ವ್ ಅನ್ನುತ್ತಾರೆ. ಸವಾಲು ಅದನ್ನು ಮುಟ್ಟದಿದ್ದರೆ ಕಾರು ವಾಪಸ್ ಮನೆಗೆ. ಹರಾಜಿನವನು ಸುತ್ತಿಗೆ ಬಡಿದು ಮುಗಿಸಿದ ಬೆಲೆಯೇ ಕೊನೆಯದಲ್ಲ, ಕೊಳ್ಳುವವನೂ ದಲಾಲಿ ಕೊಡಬೇಕು. ಆ ಬ್ಯಾಟ್‌ಮೊಬೈಲ್ 2013ರಲ್ಲಿ ಅರಿಜೋನಾದಲ್ಲಿ ಹರಾಜಾಯಿತು. ಸುತ್ತಿಗೆ ಬಿದ್ದಿದ್ದು 42 ಲಕ್ಷ ಡಾಲರಿಗೆ, ದಲಾಲಿ ಸೇರಿ ಕೊಟ್ಟಿದ್ದು 46.2 ಲಕ್ಷ.

ಇದುವರೆಗಿನ ದೊಡ್ಡ ಬೆಲೆ 2022ರ ಮೇ ತಿಂಗಳದು. 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ. ರೇಸಿಗೆ ಅಂತ ಮಾಡಿದ್ದು ಎರಡೇ ಎರಡು. ಆ ವರ್ಷ ಫ್ರಾನ್ಸಿನ ಲಮಾನ್ ರೇಸಿನಲ್ಲಿ ಮರ್ಸಿಡಿಸ್ ಕಾರೊಂದು ಜನರ ಮೇಲೆ ನುಗ್ಗಿ 80ಕ್ಕೂ ಹೆಚ್ಚು ಮಂದಿ ಸತ್ತರು. ವರ್ಷದ ಕೊನೆಗೆ ಮರ್ಸಿಡಿಸ್ ರೇಸಿಂಗ್ ಬಿಟ್ಟಿತು. ಈ ಕಾರುಗಳು ರೇಸಿಗೆ ಇಳಿಯಲೇ ಇಲ್ಲ. ಅವನ್ನು ಮಾಡಿದ ಎಂಜಿನಿಯರ್ ಊಲೆನ್‌ಹೌಟ್ ಒಂದನ್ನು ಡ್ಯೂಟಿಗೆ ಹೋಗಿಬರಲು ಇಟ್ಟುಕೊಂಡ. ಕಂಪನಿ ಎರಡನ್ನೂ ಸುಮಾರು 67 ವರ್ಷ ಜೋಪಾನ ಮಾಡಿತು. ಆಮೇಲೆ ಒಂದನ್ನು ಸ್ಟುಟ್‌ಗಾರ್ಟ್‌ನ ತನ್ನ ಮ್ಯೂಸಿಯಂನಲ್ಲೇ ಹರಾಜಿಗಿಟ್ಟಿತು. 13.5 ಕೋಟಿ ಯೂರೋ! ಆಗಿನ ಲೆಕ್ಕದಲ್ಲಿ ಸುಮಾರು 1,100 ಕೋಟಿ ರೂಪಾಯಿ. ಆ ದುಡ್ಡನ್ನು ಓದುವ ಮಕ್ಕಳ ಸ್ಕಾಲರ್‌ಶಿಪ್ ನಿಧಿಗೆ ಇಟ್ಟರು. ಹುಡುಗರ ಮುಖ ಈಗ ಅರಳಿತು ನೋಡಿ.

ಬೆಲೆಗಿಂತ ನನ್ನನ್ನು ಹಿಡಿದಿಟ್ಟಿದ್ದು 2015ರ ಪ್ಯಾರಿಸ್ ಹರಾಜು. ಫ್ರಾನ್ಸಿನಲ್ಲಿ ಬಯೋನ್ ಅನ್ನುವ ಲಾರಿ ವ್ಯವಹಾರದವರು 1950ರ ದಶಕದಿಂದ ಹಳೆಯ ಕಾರು ಕೂಡಿಹಾಕಿದ್ದರು. ಮ್ಯೂಸಿಯಂ ಮಾಡುವ ಆಸೆ. ವ್ಯಾಪಾರ ಕುಸಿಯಿತು, ಒಂದಷ್ಟು ಮಾರಿದರು, ಉಳಿದವು ತಗಡಿನ ಶೆಡ್ಡುಗಳಲ್ಲಿ ಬಿದ್ದವು. ಹರಾಜಿನವರು ಹೋಗಿ ನೋಡಿದಾಗ 59 ಕಾರು. ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ಒಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್, ಹಿಂದೊಮ್ಮೆ ನಟ ಅಲೆನ್ ದೆಲೋನ್ ಓಡಿಸಿದ್ದು. ಅದು 1.6 ಕೋಟಿ ಯೂರೋ ದಾಟಿತು. ಅದನ್ನು ಮಾರಿದ ರೀತಿ ಕೇಳಿ. ಒರೆಸಲಿಲ್ಲ. ಧೂಳಿನ ಸಮೇತ ವೇದಿಕೆಗೆ ತಂದು ನಿಲ್ಲಿಸಿದರು.

ಧೂಳು ಹೊತ್ತ ಆ ಕಾರಿನ ಫೋಟೋ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರಣ ಇದೆ. ಎಷ್ಟೋ ವರ್ಷದ ಹಿಂದೆ ಜಿನ್ನಿಂಗ್ ಫ್ಯಾಕ್ಟರಿಯ ಸಾಹುಕಾರರೊಬ್ಬರಿಂದ ಒಂದು ಫಿಯಟ್ 1100 ಕೊಂಡಿದ್ದೆ. ಒಂದೇ ಕೈಯ ಕಾರು. ಕಾರ್ಖಾನೆಯ ಬೂದು ಬಣ್ಣ, ಸ್ವಲ್ಪ ಮಾಸಿತ್ತು. ನಾನೇನು ಮಾಡಿದೆ? ಬಣ್ಣ ಪೂರ್ತಿ ಕೆರೆಸಿ ಮಿರಮಿರ ಕೆಂಪು ಹೊಡೆಸಿದೆ. ಸೀಟಿಗೆ ವೆಲ್ವೆಟ್ಟು. ಪೆಟ್ರೋಲ್ ದುಬಾರಿ ಅಂತ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದೆ. ಆಗ ಎಲ್ಲರೂ ಮಾಡುತ್ತಿದ್ದರು. ಸಾಹುಕಾರರು ಪೆಟ್ರೋಲು, ಸರ್ವೀಸಿನ ಲೆಕ್ಕ ಬರೆದಿಟ್ಟ ಪುಸ್ತಕವನ್ನೂ ಕೊಟ್ಟಿದ್ದರು. ದೀಪಾವಳಿ ಕ್ಲೀನಿಂಗ್‌ನಲ್ಲಿ ರದ್ದಿಗೆ ಹಾಕಿದೆ. ಆಮೇಲೆ ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಹೆಮ್ಮೆಯಿಂದ ಓಡಿಸಿಕೊಂಡು ಹೋದೆ. ತೀರ್ಪು ಕೊಡುವ ಹಿರಿಯರು ಬಾಗಿಲು ತೆಗೆದು, ಬೀಡಿಂಗ್ ಸರಿಸಿ, ಟಾರ್ಚ್ ಬಿಟ್ಟರು. ಅಲ್ಲಿ ಬೆರಳಗಲ ಬೂದು ಬಣ್ಣ ಉಳಿದಿತ್ತು. ಅದರ ಮೇಲೆ ಬೆರಳಾಡಿಸಿ, "ಇದನ್ಯಾಕ್ರೀ ಕೆರೆದ್ರಿ?" ಅಂದರು. ಬೇರೇನೂ ಹೇಳಲಿಲ್ಲ. ಮುಂದಿನ ಕಾರಿಗೆ ಹೋದರು.

ಈಗ ಜಗತ್ತಿನ ದೊಡ್ಡ ಪ್ರದರ್ಶನಗಳಲ್ಲಿ ಮುಟ್ಟದ ಕಾರುಗಳಿಗೇ ಬೇರೆ ವಿಭಾಗ ಇದೆ. ಹರಿದ ಸೀಟು, ಬಿರುಕು ಬಿಟ್ಟ ಬಣ್ಣ, ಹಾಗೇ ಇರಬೇಕು. ಬಣ್ಣ ಎಷ್ಟು ಸಲ ಬೇಕಾದರೂ ಹೊಡೆಯಬಹುದು, ಕಾರ್ಖಾನೆಯಲ್ಲಿ ಹೊಡೆಯುವುದು ಒಂದೇ ಸಲ.

ನೋಡಬೇಕು ಅನ್ನುವವರಿಗೆ ದೂರ ಹೋಗುವ ಕೆಲಸವಿಲ್ಲ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇದೆ, 1912ರ ಕಾಲದ್ದು. ಹಿಂದೆ ಸಿಂಹಾಸನದಂಥ ಸೀಟು. ಮೆರವಣಿಗೆಗೆ ಅಂತಲೇ ಮಾಡಿಸಿದ್ದು, ಓಡಿದ್ದು ಕೆಲವೇ ನೂರು ಮೈಲಿ. ರಾಯಚೂರು, ಕೊಪ್ಪಳದವರು ಇದ್ದೀರಲ್ಲ, ಅದಕ್ಕೆ ನಿಮ್ಮ ಅಜ್ಜಂದಿರ ಕಂದಾಯವೂ ಸೇರಿದೆ, ಹಕ್ಕಿನಿಂದ ನೋಡಿ ಬನ್ನಿ. ನಾವು ಬಳ್ಳಾರಿಯವರು ಆಗ ಮದ್ರಾಸಿನ ಕೈಯಲ್ಲಿದ್ದೆವು, ನಮಗೆ ಆ ಭಾಗ್ಯವಿಲ್ಲ. ಧರ್ಮಸ್ಥಳದಲ್ಲೂ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಂನಲ್ಲೂ ಒಳ್ಳೆಯ ಸಂಗ್ರಹವಿದೆ.

ಇನ್ನು ನಮ್ಮ ಬಿಸಿಲು. ಬೈದುಕೊಳ್ಳುತ್ತೇವೆ. ಆದರೆ ಕಾರಿನ ಮೈಗೆ ಇದು ಔಷಧಿ. ತುಕ್ಕಿಗೆ ತೇವ ಬೇಕು, ಉಪ್ಪು ಸಿಕ್ಕರೆ ಇನ್ನೂ ಖುಷಿ. ಕರಾವಳಿಯ ಹಳೆ ಕಾರಿನ ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಕಾಣುತ್ತದೆ. ನಮ್ಮಲ್ಲಿ ರಬ್ಬರ್ ಸೀಳುತ್ತದೆ, ಡ್ಯಾಶ್‌ಬೋರ್ಡ್ ಬಿರಿಯುತ್ತದೆ, ತಗಡು ಮಾತ್ರ ಗಟ್ಟಿ. ಅಮೆರಿಕದಲ್ಲಿ ಅರಿಜೋನಾ ಮರುಭೂಮಿಯ ಕಾರು ಅಂದರೆ ಜಾಸ್ತಿ ಬೆಲೆ ಇದಕ್ಕೇ. ಸಂಡೂರು ಗುಡ್ಡದ ಅದಿರು ಹಳ್ಳಿಯ ಮುಂದೆ ಲಾರಿಯಲ್ಲಿ ಹೋಗುವುದನ್ನು ದಿನಾ ನೋಡುತ್ತೀರಿ. ಕಾರಿನ ಮೈಗೆ ಬೇಕಾದ ತೆಳು ಉಕ್ಕಿನ ಹಾಳೆ ನಮ್ಮ ತೋರಣಗಲ್ಲಿನಲ್ಲೇ ತಯಾರಾಗುತ್ತದೆ. ಗುಜರಿ ಉಕ್ಕೂ ಕುಲುಮೆಗೆ ಹೋಗಿ ಮತ್ತೆ ಉಕ್ಕಾಗುತ್ತದೆ. ನನ್ನ ಲ್ಯಾಂಡ್‌ಮಾಸ್ಟರ್ ಈಗ ಯಾವ ಸೇತುವೆಯ ಸರಳಾಗಿದೆಯೋ.

ಯಾರ ಹೊಲದ ಮನೆಯಲ್ಲಾದರೂ ಹಳೆ ಕಾರು, ಜೀಪು, ಬೈಕು ಬಿದ್ದಿದ್ದರೆ ಇದನ್ನು ಬರೆದುಕೊಳ್ಳಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಕ್ಕೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಅಂದರೆ ನನ್ನ ಡೀಸೆಲ್ ಫಿಯಟ್ ಇಲ್ಲೂ ಫೇಲು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮರುನೋಂದಣಿಗೆ 5,000. ಹೊಸ ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ನಂಬರೇ ಉಳಿಯುತ್ತದೆ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಓಡಿಸಬಹುದು. ದಿನಾ ಸಂತೆಗೆ ಹೋಗುವ ಹಾಗಿಲ್ಲ. ಗುಜರಿಯವನು ಬಂದಾಗ ಆರ್‌ಸಿ ಹುಡುಕಲು ಹೋಗಬೇಡಿ, ಇವತ್ತೇ ಹುಡುಕಿಡಿ.

ಹೊರಗೆ ಒಂದು ಅಂಬಾಸಿಡರ್ ನಿಂತಿದೆ. ಸಿರುಗುಪ್ಪ ಕಡೆಯ ಅಕ್ಕಿ ಗಿರಣಿಯ ಶೆಡ್ಡಿನಿಂದ ನಿನ್ನೆ ಲಾರಿಯಲ್ಲಿ ಹಾಕಿಕೊಂಡು ತಂದದ್ದು. ಪೆಟ್ರೋಲ್ ಎಂಜಿನ್, ನಂಬರ್ ಆರ್‌ಸಿಗೆ ಸರಿ ಹೊಂದುತ್ತದೆ. ಬಾನೆಟ್ ನಾನೇ ತೆಗೆದು ತೋರಿಸುತ್ತೇನೆ. ಹಿಂದಿನ ಸಾಲಿನವರು ಮೊದಲು ಹೋಗಿ. ಧೂಳಿನ ಮೇಲೆ ಯಾರೂ ಹೆಸರು ಬರೆಯಬೇಡಿ. ಹಿಂದಿನ ಸೀಟು ಮುಟ್ಟುವಾಗಲೂ ಹುಷಾರು, ಅಲ್ಲಿ ಇಲಿ ಮರಿ ಹಾಕಿದೆ.