ಬಿಸಿಲಿಗೆ ಕಚೇರಿಯ ಹೊತ್ತು ಬದಲಾಗುತ್ತದೆ, ಚಳಿಗೆ ಶಾಲೆಯ ಹೊತ್ತು ಯಾಕಿಲ್ಲ?

ನಮಸ್ಕಾರ. ಇವತ್ತು ಬೀದರ್, ಕಲಬುರಗಿ, ವಿಜಯಪುರದ ಚಳಿ ಬಗ್ಗೆ ಮಾತಾಡೋಣ. ಡಿಸೆಂಬರ್, ಜನವರಿ ಬಂತೆಂದರೆ ಹವಾಮಾನ ಇಲಾಖೆ ಆಗಾಗ ಒಂದು ಸಾಲು ಹೇಳುತ್ತದೆ: ಉತ್ತರ ಒಳನಾಡಿನ ಕೆಲವು ಕಡೆ ಶೀತಗಾಳಿ, ಯೆಲ್ಲೋ ಅಲರ್ಟ್. ಟಿವಿಯಲ್ಲಿ ಮಂಜು ಮುಸುಕಿದ ರಸ್ತೆ ತೋರಿಸುತ್ತಾರೆ, ಬೆಂಕಿ ಕಾಯಿಸುವವರನ್ನು ತೋರಿಸುತ್ತಾರೆ, ಮುಂದಿನ ಸುದ್ದಿಗೆ ಹೋಗುತ್ತಾರೆ. ಅಲರ್ಟ್ ಬಂದ ಮರುದಿನ ಬೆಳಿಗ್ಗೆ ಏನು ಬದಲಾಗುತ್ತದೆ? ಏನೂ ಬದಲಾಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ಈ ಚಳಿ ಎಲ್ಲಿಂದ ಬರುತ್ತದೆ ನೋಡೋಣ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಚಳಿಗಾಲದಲ್ಲಿ ಒಂದರ ಹಿಂದೆ ಒಂದು ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದರೆ ಮಳೆ, ಹಿಮ ಹೊತ್ತು ತರುವ ಹವೆಯ ಸುಳಿಗಳು ಬರುತ್ತವೆ. ಕಾಶ್ಮೀರ, ಹಿಮಾಚಲದಲ್ಲಿ ಹಿಮ ಸುರಿಸುತ್ತವೆ. ಅವು ಪೂರ್ವಕ್ಕೆ ದಾಟಿದ ಮೇಲೆ ಹಿಂದಿನಿಂದ ತಣ್ಣನೆಯ ಒಣಗಾಳಿ ಕೆಳಗೆ ಇಳಿಯುತ್ತದೆ. ರಾಜಸ್ಥಾನ, ಮಧ್ಯಪ್ರದೇಶ, ವಿದರ್ಭ, ಮರಾಠವಾಡ ದಾಟಿ ಬಂದರೆ ನಮ್ಮ ರಾಜ್ಯದಲ್ಲಿ ಅದು ಮೊದಲು ತಟ್ಟುವುದು ಬೀದರಿಗೆ. ಹಾಗಾಗಿ ಶಿಮ್ಲಾದಲ್ಲಿ ಹಿಮ ಬಿತ್ತು ಅನ್ನುವ ಸುದ್ದಿಯನ್ನು ಸುಮ್ನೆ ನೋಡಿ ಬಿಡಬೇಡಿ. ಕೆಲವು ದಿನಗಳಲ್ಲಿ ನಮ್ಮ ಕಡೆಯೂ ಪಾರಾ ಇಳಿಯಬಹುದು.

ಆದರೆ ಗಾಳಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಉಳಿದರ್ಧ ಆಗುವುದು ನಮ್ಮ ನೆಲದಲ್ಲೇ. ಹಗಲು ಕಾದ ಭೂಮಿ ರಾತ್ರಿ ಆ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡ ಇದ್ದರೆ ಅದು ಭೂಮಿಗೆ ಹೊದಿಸಿದ ಕೌದಿಯ ಹಾಗೆ ಬಿಸಿಯನ್ನು ತಡೆದು ಹಿಡಿಯುತ್ತದೆ. ಆಕಾಶ ತಿಳಿಯಾಗಿ, ಹವೆ ಒಣಗಿದ್ದರೆ ಬಿಸಿ ಹೊರಟೇ ಹೋಗುತ್ತದೆ. ಗಾಳಿಯೂ ನಿಂತರಂತೂ ಬೆಳಗಿನ ಜಾವ ಕೇಳುವುದೇ ಬೇಡ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದಾಗ ಇದೆಲ್ಲ ಉಲ್ಟಾ. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿದಾಗ ದಕ್ಷಿಣ ಒಳನಾಡಿನಲ್ಲೆಲ್ಲ ಮೋಡ, ಜಿಟಿಜಿಟಿ ಮಳೆ. ಅಂಥ ದಿನ ಹಗಲು ಥಂಡಿ ಹಿಡಿದರೂ ರಾತ್ರಿಯ ಪಾರಾ ಅಷ್ಟು ಇಳಿಯುವುದಿಲ್ಲ. ಆ ಮೋಡ ಸರಿದ ಮೇಲೆಯೇ ನಿಜವಾದ ಮಾಗಿ ಚಳಿ.

ಈಗ ಅಂಕಿಗೆ ಬರೋಣ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬಂದು, ಆ ಊರಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಇಲಾಖೆ ಅದನ್ನು ಶೀತಗಾಳಿ ಅನ್ನುತ್ತದೆ. ವಾಡಿಕೆಗಿಂತ 6.5 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಕಡಿಮೆಯಾದರೆ ತೀವ್ರ ಶೀತಗಾಳಿ. 'ಒಂಬತ್ತು ಡಿಗ್ರಿ ಯಾವ ಚಳಿ, ಪಂಜಾಬಿಗೆ ಹೋಗಿ ನೋಡಿ' ಅನ್ನುವವರು ಕಾಮೆಂಟಿನಲ್ಲಿ ಇದ್ದೇ ಇರುತ್ತಾರೆ. ಪಂಜಾಬಿನ ಮನೆಯಲ್ಲಿ ರಜಾಯಿ ಇದೆ, ದಪ್ಪ ಸ್ವೆಟರ್ ಇದೆ. ನಮ್ಮ ಮನೆ, ಬಟ್ಟೆ, ಶಾಲೆ ಎಲ್ಲವೂ ಬಿಸಿಲಿಗೆ ಅಂತ ಆದವು. ಅದಕ್ಕೇ ಇಲಾಖೆ ವಾಡಿಕೆಯ ಲೆಕ್ಕ ಇಟ್ಟಿರುವುದು.

ಇನ್ನೊಂದು ಮಾತು. ಆ ಒಂಬತ್ತು ಡಿಗ್ರಿಯನ್ನು ಅಳೆಯುವುದು ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ತಿಳಿ ಆಕಾಶದ ರಾತ್ರಿ ನೆಲದ ಮಟ್ಟದಲ್ಲಿ ಇನ್ನೂ ಥಂಡಿ ಇರುತ್ತದೆ. ನೆಲದ ಮೇಲೆ ಮಲಗುವವರ ಚಳಿ ಬುಲೆಟಿನ್ನಿನ ಅಂಕಿಗಿಂತ ಜಾಸ್ತಿ. ಯಾರವರು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಲಗಳಲ್ಲಿ ಕಬ್ಬು ಕಡಿಯಲು ಬಂದ ಗ್ಯಾಂಗಿನವರು. ಕಬ್ಬಿನ ಸೋಗೆ, ತಾಡಪಾಲಿನ ಗುಡಿಸಲು. ಬೆಳಕು ಹರಿಯುವ ಮೊದಲೇ ಕುಡುಗೋಲು ಹಿಡಿಯುತ್ತಾರೆ. ಸೋಗೆಯ ಮೇಲಿನ ಇಬ್ಬನಿ ತೋಳಿಗೆ, ಎದೆಗೆ ಇಳಿದು ಸೀರೆ, ಅಂಗಿ ತೊಯ್ದು ಹೋಗುತ್ತದೆ. ಮಗು ಅಲ್ಲೇ ಬದುವಿನ ಮೇಲೆ ಮಲಗಿರುತ್ತದೆ. ಇಟ್ಟಿಗೆ ಭಟ್ಟಿಯವರು, ಹೊಲದಲ್ಲಿ ಕುರಿ ತರುಬಿಕೊಂಡು ರಾತ್ರಿ ಕಳೆಯುವ ಕುರಿಗಾಹಿಗಳದೂ ಇದೇ ಪಾಡು. ಕಬ್ಬಿನ ಕಾರ್ಖಾನೆಗಳು ಹಂಗಾಮಿನ ಶುರುವಿಗೇ ಈ ಕುಟುಂಬಗಳಿಗೆ ಕಂಬಳಿ, ದಪ್ಪ ಚಾಪೆ ಕೊಡಬೇಕು. ಅವರು ಕಡಿದರೆ ತಾನೇ ಕಾರ್ಖಾನೆ ನಡೆಯುವುದು?

ರೈತರಿಗೆ ಚಳಿ ಪೂರ್ತಿ ಶತ್ರು ಅಲ್ಲ, ನಿಜ. ಎರೆ ನೆಲದ ಹಿಂಗಾರಿ ಜೋಳ, ಕಡಲೆ ತಂಪು ಹವೆಯಲ್ಲೇ ಚೆನ್ನಾಗಿ ಬರುತ್ತವೆ. ಎಳ್ಳಮಾಸೆಗೆ ಚರಗ ಚೆಲ್ಲಿ, ಹೊಲದಲ್ಲೇ ಕೂತು ಭಜ್ಜಿ ಜೊತೆ ಸಜ್ಜಿ ರೊಟ್ಟಿ ತಿನ್ನುವ ಸುಖ ಈ ಚಳಿಯದ್ದೇ. ಆದರೆ ತೊಗರಿ ಹೂ, ಕಾಯಿ ಕಟ್ಟುವಾಗ ಮೋಡ, ಮಂಜು ಒಟ್ಟಿಗೆ ಕವಿದರೆ ಹೂ ಉದುರುತ್ತದೆ, ಕಾಯಿಕೊರಕದ ಕಾಟವೂ ಹೆಚ್ಚುತ್ತದೆ. ವಿಜಯಪುರದಲ್ಲಿ ದ್ರಾಕ್ಷಿ ಕಾಳು ದಪ್ಪವಾಗುವ ಹೊತ್ತಿಗೆ ಪಾರಾ ತೀರಾ ಇಳಿದರೆ ಬೆಳವಣಿಗೆ ನಿಧಾನವಾಗುತ್ತದೆ.

ಈಗ ನನ್ನ ಮುಖ್ಯ ಮಾತು. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲು ತಡೆಯಲಾಗದು ಅಂತ ಸರ್ಕಾರವೇ ಒಪ್ಪಿದೆ. ಸರಿಯಾದ ನಿರ್ಧಾರ. ಕರಾವಳಿ, ಕೊಡಗಿನಲ್ಲಿ ಮಳೆ ಜೋರಾದರೆ ಡಿಸಿ ಅವರು ಶಾಲೆಗೆ ರಜೆ ಕೊಡುತ್ತಾರೆ. ಅದೂ ಸರಿ. ಹಾಗಿದ್ದರೆ ಶೀತಗಾಳಿಯ ಅಲರ್ಟ್ ಇರುವ ದಿನ ಬೀದರಿನ ಮಗು ಯಾಕೆ ಅದೇ ಟೈಮಿಗೆ ಶಾಲೆಯಲ್ಲಿರಬೇಕು?

ಶನಿವಾರವನ್ನೇ ನೋಡಿ. ಅವತ್ತು ಬೆಳಗಿನ ಶಾಲೆ. ಎಂಟರ ಹೊತ್ತಿಗೆ ಮಕ್ಕಳು ಪ್ರಾರ್ಥನೆಗೆ ನಿಂತಿರಬೇಕು. ಪಕ್ಕದ ಊರಿನಿಂದ, ತಾಂಡಾದಿಂದ ನಡೆದು ಬರುವವರು ಅದಕ್ಕೂ ಮೊದಲೇ ಹೊರಟಿರಬೇಕು. ತೆಳ್ಳಗಿನ ಯೂನಿಫಾರ್ಮ್, ಕಾಲಿಗೆ ಚಪ್ಪಲಿ. ಕೋಣೆಯೊಳಗೆ ಶಹಾಬಾದ್ ಪರ್ಸಿ ಕಲ್ಲು ಹಾಸಿದ ನೆಲ. ಬೇಸಿಗೆಯಲ್ಲಿ ಅದು ತಂಪು, ಜನವರಿಯ ಬೆಳಿಗ್ಗೆ ಐಸಿನ ಗಡ್ಡೆ. ಅದರ ಮೇಲೆ ಕೂತ ಮಗುವಿಗೆ ಬೆರಳು ಮರಗಟ್ಟಿ ಪೆನ್ಸಿಲ್ ಹಿಡಿಯಲೂ ಆಗುವುದಿಲ್ಲ. ಅಂಥ ಹೊತ್ತಲ್ಲಿ ಪಾಠ ತಲೆಗೆ ಹತ್ತುತ್ತದೆಯೇ?

'ನಾಲ್ಕು ದಿನದ ಚಳಿ, ಅದಕ್ಕೆ ಇಷ್ಟೆಲ್ಲಾ ಬೇಕಾ' ಅನ್ನಬಹುದು. ನಾಲ್ಕೇ ದಿನ ಆದ್ದರಿಂದಲೇ ಇದು ಸುಲಭ ಅಲ್ವಾ? ಇಡೀ ಚಳಿಗಾಲ ಬದಲಿಸಿ ಅಂತ ಯಾರೂ ಕೇಳುತ್ತಿಲ್ಲ. ಅಲರ್ಟ್ ಇರುವ ದಿನ ಶಾಲೆ, ಅಂಗನವಾಡಿ ಒಂದು ತಾಸು ತಡವಾಗಿ ಶುರುವಾಗಲಿ. ಪೌರಕಾರ್ಮಿಕರ ಪಾಳಿಯೂ ಹಾಗೇ ಮುಂದೆ ಹೋಗಲಿ. ಹವಾಮಾನ ಅಳೆಯುವ ಸ್ಟೇಷನ್ನುಗಳು ನಮ್ಮ ರಾಜ್ಯದಲ್ಲಿ ಹೋಬಳಿ ಮಟ್ಟದಲ್ಲೇ ಇವೆ. ಬೀದರಿನ ಔರಾದ್‌ನಲ್ಲಿ ಎಷ್ಟು ಚಳಿ, ವಿಜಯಪುರದ ಇಂಡಿಯಲ್ಲಿ ಎಷ್ಟು ಚಳಿ ಅಂತ ಗೊತ್ತು ಮಾಡಿಕೊಳ್ಳುವುದು ಕಷ್ಟದ ಕೆಲಸ ಅಲ್ಲ.

ಮನೆಯವರಿಗೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಬೆಂಕಿ ಇಟ್ಟು ಮಲಗಬೇಡಿ. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಬೆಂಕಿ ಕಾಯಿಸುವುದಿದ್ದರೆ ಹೊರಗೆ ಕಾಯಿಸಿ, ಮಲಗುವ ಮೊದಲು ಆರಿಸಿ.

ಶಾಲೆಯ ಟೈಮಿನ ವಿಷಯಕ್ಕೆ ಬೆಂಗಳೂರಿನ ಆದೇಶವನ್ನೇ ಕಾಯುತ್ತಾ ಕೂರಬೇಕಿಲ್ಲ. ನಿಮ್ಮೂರ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ನೋಡುವ ಸಮಿತಿ ಇದೆ, ಅದರಲ್ಲಿ ನಿಮ್ಮಂಥ ಪಾಲಕರೇ ಇದ್ದಾರೆ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಶೀತಗಾಳಿಯ ಅಲರ್ಟ್ ಇದ್ದ ದಿನ ಶಾಲೆ ಒಂದು ತಾಸು ತಡವಾಗಿ ಶುರುವಾಗಲಿ ಅಂತ ಠರಾವು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕಳಿಸಿ. ಒಂದು ಪ್ರತಿ ಡಿಸಿ ಅವರಿಗೂ ಹೋಗಲಿ.