ಗುಡಿಸಿದ ಬೆಟ್ಟದ ಅಣಬೆ

ಕೇಳುಗರಿಗೆ ನಮಸ್ಕಾರ.

ಸೆಪ್ಟೆಂಬರ್ ಮುಗಿಯುತ್ತಾ ಬಂದು ಬೆಟ್ಟದ ಮಣ್ಣು ತಣ್ಣಗಾಗುವ ಹೊತ್ತಿಗೆ, ಜಪಾನಿನ ತರಕಾರಿ ಅಂಗಡಿಗಳಲ್ಲಿ ಜರೀಗಿಡದ ಎಲೆ ಹಾಸಿದ ಪುಟ್ಟ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಒಂದೊಂದರಲ್ಲಿ ಮೂರೋ ನಾಲ್ಕೋ ಅಣಬೆ. ಕಂದು ಬಣ್ಣ, ದಪ್ಪ ಕಾಲು, ಇನ್ನೂ ಬಿಚ್ಚದ ಕೊಡೆ. ಹೆಸರು ಮತ್ಸುತಾಕೆ. ಮತ್ಸು ಎಂದರೆ ಪೈನ್ ಮರ, ತಾಕೆ ಎಂದರೆ ಅಣಬೆ. ಜಪಾನಿನ ಬೆಟ್ಟದಲ್ಲೇ ಎದ್ದ ಒಳ್ಳೆಯ ಅಣಬೆಯಾದರೆ ಕಿಲೋಗೆ ಹತ್ತಾರು ಸಾವಿರ ಯೆನ್.

ಜನ ದುಡ್ಡು ಕೊಡುವುದು ಪರಿಮಳಕ್ಕೆ. "ಪರಿಮಳಕ್ಕೆ ಮತ್ಸುತಾಕೆ, ರುಚಿಗೆ ಶಿಮೆಜಿ" ಎಂದು ಅಲ್ಲಿನವರದೇ ಮಾತಿದೆ. ಶಿಮೆಜಿ ಬೇರೊಂದು ಅಣಬೆ. ಮತ್ಸುತಾಕೆಯದು ದಾಲ್ಚಿನ್ನಿಯನ್ನು ನೆನಪಿಸುವ ಘಮ, ಅದರ ಹಿಂದೆಯೇ ಕಾಡಿನ ಹಸಿ ಮಣ್ಣಿನ ವಾಸನೆ. ಇದನ್ನು ಕಳೆದುಕೊಳ್ಳಬಾರದೆಂದೇ ಅಡುಗೆಯವರು ಅಣಬೆಯನ್ನು ನೀರಿನಲ್ಲಿ ನೆನೆಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೈಯಲ್ಲೇ ಸೀಳುತ್ತಾರೆ. ಅಕ್ಕಿಯ ಜೊತೆ ಬೇಯಿಸಿದರೆ ಮತ್ಸುತಾಕೆ ಗೋಹಾನ್. ತಿಳಿಸಾರಿನೊಂದಿಗೆ ಪುಟ್ಟ ಮಣ್ಣಿನ ಕೆಟಲಿನಲ್ಲಿಟ್ಟು ಬಿಸಿ ಮಾಡಿದರೆ ದೋಬಿನ್ ಮುಶಿ. ಮುಚ್ಚಳ ತೆಗೆದಾಗ ಮೊದಲು ಮೇಲೇಳುವ ಹಬೆಗಾಗಿಯೇ ಈ ಅಡುಗೆ ಎನ್ನಬಹುದು. ಆಮೇಲೆ ಸುದಾಚಿ ಎಂಬ ಪುಟ್ಟ ಹುಳಿಹಣ್ಣು ಹಿಂಡಿ, ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿಯುತ್ತಾರೆ.

ಇಷ್ಟು ಬೆಲೆಯಿದ್ದರೂ ಬೇಸಾಯವೇಕೆ ಮಾಡುವುದಿಲ್ಲ? ನಾವು ಪೇಟೆಯಲ್ಲಿ ಕೊಳ್ಳುವ ಅಣಬೆಗಳು ಸತ್ತ ಹುಲ್ಲಿನ ಮೇಲೆ, ಗೊಬ್ಬರದ ಮೇಲೆ ಬೆಳೆಯುತ್ತವೆ. ಮತ್ಸುತಾಕೆಗೆ ಜೀವಂತ ಮರ ಬೇಕು, ಅದರಲ್ಲೂ ಅಲ್ಲಿನ ಕೆಂಪು ಪೈನ್. ಅಣಬೆ ಮರದ ಬೇರಿಗೆ ಮಣ್ಣಿನ ಸಾರ ಹೀರಿ ಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆಯನ್ನು ತೋಟದಲ್ಲಿ ಕುದುರಿಸಿ ಮಾರುಕಟ್ಟೆಗೆ ಫಸಲು ತರಲು ಇನ್ನೂ ಆಗಿಲ್ಲ. ನೆಲದಡಿಯಲ್ಲಿ ಅಣಬೆಯ ಎಳೆಗಳು ಬಿಳಿ ಉಂಗುರದಂತೆ ವರ್ಷವರ್ಷವೂ ಹೊರಕ್ಕೆ ಹಬ್ಬುತ್ತವೆ. ಆ ಜಾಗವನ್ನು ಶಿರೋ ಎನ್ನುತ್ತಾರೆ. ಎಲ್ಲಿದೆ ಎಂದು ಬಲ್ಲವರು ಸ್ವಂತ ಮಕ್ಕಳಿಗೂ ಸುಲಭಕ್ಕೆ ಬಾಯಿಬಿಡುವುದಿಲ್ಲವಂತೆ.

ಈಗ ನನ್ನನ್ನು ಬಹಳ ಕಾಡಿದ ವಿಷಯಕ್ಕೆ ಬರುತ್ತೇನೆ. 1941ರಲ್ಲಿ ಜಪಾನಿನಲ್ಲಿ ಸಿಕ್ಕ ಮತ್ಸುತಾಕೆ ಸುಮಾರು 12 ಸಾವಿರ ಟನ್. 2019ರಲ್ಲಿ ಸುಮಾರು 14 ಟನ್. ಅತಿಯಾಗಿ ಕಿತ್ತಿದ್ದರಿಂದ, ಕಾಡು ಕಡಿದಿದ್ದರಿಂದ ಹೀಗಾಯಿತೆಂದು ನಾನು ಊಹಿಸಿದ್ದೆ. ಮುಖ್ಯ ಕಾರಣ ಹೆಚ್ಚುಕಡಿಮೆ ಅದರ ತಿರುವುಮುರುವು.

ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಸೊಪ್ಪಿನಬೆಟ್ಟ ಗೊತ್ತು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗೆಲೆ, ಒಲೆಗೆ ಸೌದೆ ಎಲ್ಲವೂ ಅಲ್ಲಿಂದಲೇ. ಜಪಾನಿನ ಹಳ್ಳಿಗಳ ಹಿಂದೆಯೂ ಇಂಥದೇ ಬೆಟ್ಟವಿತ್ತು, ಸತೋಯಾಮಾ. ರೈತರು ಅಲ್ಲಿ ಸೌದೆ ತರುತ್ತಿದ್ದರು, ಗದ್ದೆಯ ಗೊಬ್ಬರಕ್ಕೆ ಉದುರೆಲೆ ಗುಡಿಸಿ ಒಯ್ಯುತ್ತಿದ್ದರು. ಹಾಗೆ ಬರಡಾದ, ಬಿಸಿಲು ಬೀಳುವ ನೆಲದಲ್ಲಿ ಕೆಂಪು ಪೈನ್ ಬೆಳೆಯಿತು. ಅದರ ಬುಡದಲ್ಲಿ ಮತ್ಸುತಾಕೆ ಎದ್ದಿತು. 1950, 60ರ ದಶಕಗಳಲ್ಲಿ ಗ್ಯಾಸ್ ಒಲೆ ಬಂತು, ರಾಸಾಯನಿಕ ಗೊಬ್ಬರ ಬಂತು. ಯುವಕರು ಪಟ್ಟಣ ಸೇರಿದರು. ಬೆಟ್ಟಕ್ಕೆ ಹೋಗುವವರಿಲ್ಲದೆ ಎಲೆ ಕೊಳೆತು ಮಣ್ಣು ಕೊಬ್ಬಿತು. ಕೊಬ್ಬಿದ ಮಣ್ಣಿನಲ್ಲಿ ಬೇರೆ ಶಿಲೀಂಧ್ರಗಳು ಗೆದ್ದವು, ಅಗಲ ಎಲೆಯ ಮರಗಳು ಪೈನನ್ನು ನೆರಳಿಗೆ ತಳ್ಳಿದವು. ಇದರ ಮೇಲೆ ಉತ್ತರ ಅಮೆರಿಕದಿಂದ ಬಂದ ಸೂಕ್ಷ್ಮ ಜಂತುಹುಳುವೊಂದು ದುಂಬಿಯ ಬೆನ್ನೇರಿ ಹರಡಿ, ಗುಡ್ಡಗುಡ್ಡದ ಪೈನ್‌ಗಳನ್ನು ಒಣಗಿಸಿತು.

ಕ್ಯೋಟೊ ಬಳಿಯ ತಂಬಾ ಸೀಮೆ ಒಂದು ಕಾಲಕ್ಕೆ ಈ ಅಣಬೆಯ ತವರು. ಇವತ್ತು ಜಪಾನಿನಲ್ಲಿ ಹೆಚ್ಚು ಸಿಗುವುದು ನಾಗಾನೊ ಪ್ರಾಂತ್ಯದಲ್ಲಿ. ಅಂಗಡಿಯಲ್ಲಿ ಕಾಣುವ ಬಹುಪಾಲು ಚೀನಾದಿಂದ, ಕೆನಡಾ, ಅಮೆರಿಕದಿಂದ ಬಂದದ್ದು. ನಮ್ಮ ನೆರೆಯ ಭೂತಾನದ ಗೆನೆಖಾ ಕಣಿವೆಯ ಜನರೂ ಇದನ್ನು ಆಯ್ದು ಮಾರುತ್ತಾರೆ. 2020ರಲ್ಲಿ ಮತ್ಸುತಾಕೆ ಅಪಾಯದಂಚಿನ ಜೀವಿಗಳ ಜಾಗತಿಕ ಕೆಂಪು ಪಟ್ಟಿಗೂ ಸೇರಿತು.

ಈಗ ಕ್ಯೋಟೊ ಸುತ್ತಮುತ್ತ ಸ್ವಯಂಸೇವಕರು ಕತ್ತಿ, ಕುಂಟೆ ಹಿಡಿದು ಬೆಟ್ಟ ಹತ್ತುತ್ತಾರೆ. ಅವರಲ್ಲಿ ನಿವೃತ್ತರೇ ಬಹಳ. ಪೊದೆ ಸವರಿ, ಹತ್ತಾರು ವರ್ಷಗಳ ಎಲೆಗೊಬ್ಬರವನ್ನು ಕೆರೆದು ಕೆಳಗಿಳಿಸುತ್ತಾರೆ, ಬರಡು ನೆಲ ಬಿಸಿಲು ಕಾಣುವವರೆಗೂ. ಅಲ್ಲಿ ಪೈನ್ ಸಸಿ ತಾನಾಗಿ ಹುಟ್ಟಬೇಕು, ಇಪ್ಪತ್ತು ಮೂವತ್ತು ವರ್ಷ ಬೆಳೆಯಬೇಕು. ಅಣಬೆಯ ಮಾತು ಆಮೇಲೆ. ಆ ಘಮ ತಮ್ಮ ಪಾಲಿಗೆ ಬಾರದಿರಬಹುದೆಂದು ಗೊತ್ತಿದ್ದೂ ಅವರು ಗುಡಿಸುತ್ತಿದ್ದಾರೆ.

ನಮಸ್ಕಾರ.