ಮಂಜುನಾಥ ಅನ್ನುವ ಹೆಸರಿಗೆ ಏಳು ಪ್ರಶ್ನೆ ಗುರುತು

ಕೇಳುಗರಿಗೆ ನಮಸ್ಕಾರ.

ಒಂದು ದಿನ ಬೆಳಗ್ಗೆ ಆರೂವರೆಗೆ ನನಗೊಂದು ಫೋನ್ ಬಂತು. ಹಾಸನದ ಕಡೆಯ ಒಂದು ಹಳ್ಳಿಯ ಹಾಲಿನ ಸಂಘದಿಂದ. ಅವರ ಲೆಕ್ಕಕ್ಕೆ ನಾನೇ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಯಾರು ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ಎಷ್ಟು, ದುಡ್ಡು ಎಷ್ಟು, ಎಲ್ಲ ಸೇರಿಸಿ ಒಂದು ಚೀಟಿ ಬರುತ್ತದೆ. ಅಲ್ಲಿಯವರೆಗೆ ಹೆಸರುಗಳು ಇಂಗ್ಲಿಷಿನಲ್ಲಿದ್ದವು. ಹಿಂದಿನ ರಾತ್ರಿ ಕಾರ್ಯದರ್ಶಿಗಳು ಕೂತು ಎಲ್ಲರ ಹೆಸರನ್ನೂ ಕನ್ನಡಕ್ಕೆ ಬದಲಾಯಿಸಿದ್ದರು.

"ಸಾರ್, ಲೀಟ್ರು ಸರಿ ಇದೆ, ದುಡ್ಡೂ ಸರಿ ಇದೆ. ಹೆಸರಿನ ಜಾಗದಲ್ಲಿ ಮಾತ್ರ ಬರೀ ಪ್ರಶ್ನೆ ಗುರುತು ಬರ್ತಿದೆ" ಅಂದರು. ಅವರ ಹಿಂದೆ ಕ್ಯಾನ್ ಹಿಡಿದು ನಿಂತವರು ಯಾರೋ, "ನೀನ್ಯಾರು ಅಂತ ನನ್ನನ್ನೇ ಕೇಳ್ತಿದೆಯಲ್ಲಪ್ಪ ಇದು" ಅಂದದ್ದು ನನಗೂ ಕೇಳಿಸಿತು. ಅವರ ಹೆಸರು ಮಂಜುನಾಥ ಅಂತ ಇಟ್ಟುಕೊಳ್ಳೋಣ.

ಇವತ್ತು ನಾನು ಮಾತಾಡಬೇಕಾದದ್ದು ಫುಲ್ ಸ್ಟ್ಯಾಕ್ ಡೆವಲಪರ್ ಅಂದರೆ ಯಾರು ಅನ್ನುವುದರ ಬಗ್ಗೆ. ಬೆಂಗಳೂರಿನ ರಾಜಾಜಿನಗರ, ಬಿಟಿಎಂ ಲೇಔಟ್ ಕಡೆ ಓಡಾಡಿದವರು ಫುಲ್ ಸ್ಟ್ಯಾಕ್ ಅನ್ನುವ ಈ ಎರಡು ಪದವನ್ನು ಕೋಚಿಂಗ್ ಸೆಂಟರುಗಳ ಬೋರ್ಡಿನ ಮೇಲೆ ನೋಡಿಯೇ ಇರುತ್ತೀರಿ. ಮನೆಯಲ್ಲಿ ಓದಿ ಮುಗಿಸಿದ ಮಕ್ಕಳಿದ್ದರೆ ಕೇಳಿಯೂ ಇರುತ್ತೀರಿ. ಸ್ಟ್ಯಾಕ್ ಅಂದರೆ ಬಣವೆ, ಒಂದರ ಮೇಲೊಂದು ಪೇರಿಸಿದ್ದು. ಇಲ್ಲಿ ಪೇರಿಸಿರುವುದು ಹುಲ್ಲಲ್ಲ, ತಂತ್ರಾಂಶದ ಪದರಗಳು. ಮೇಲಿನ ಪದರ ನಿಮ್ಮ ಕಣ್ಣಿಗೆ ಕಾಣುವ ಪರದೆ, ಗುಂಡಿ, ಬಣ್ಣ. ಇದು ಫ್ರಂಟ್ ಎಂಡ್. ಅದರ ಕೆಳಗೆ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಓಡುವ ಲೆಕ್ಕಾಚಾರ, ಅದು ಸರ್ವರ್. ಇನ್ನೂ ಕೆಳಗೆ ಎಲ್ಲವನ್ನೂ ಬರೆದಿಡುವ ಡೇಟಾಬೇಸ್. ಇವೆರಡೂ ಸೇರಿ ಬ್ಯಾಕ್ ಎಂಡ್.

ಯಕ್ಷಗಾನ ನೋಡುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ರಂಗಸ್ಥಳ ಒಂದಾದರೆ ಚೌಕಿ ಇನ್ನೊಂದು. ಚೌಕಿಯಲ್ಲಿ ವೇಷಧಾರಿ ತನ್ನ ಬಣ್ಣ ತಾನೇ ಹಚ್ಚಿಕೊಂಡು, ಆಮೇಲೆ ರಂಗಸ್ಥಳಕ್ಕೆ ಬಂದು ಕುಣಿಯುತ್ತಾನೆ. ಎರಡು ಕಡೆಯೂ ಅವನಿಗೆ ಮನೆ ಇದ್ದ ಹಾಗೆ. ಚೆಂಡೆಯನ್ನೂ ಅವನೇ ಬಾರಿಸಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಸಾಫ್ಟ್‌ವೇರ್ ಕಡೆ ಅದನ್ನೂ ಕೇಳುತ್ತಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಮಂಜುನಾಥರ ಚೀಟಿ. ತಪ್ಪು ಎಲ್ಲಿದೆ?

ಮೊದಲು ಪ್ರಿಂಟರ್ ಮೇಲೆ ಅನುಮಾನ ಬಂತು. ಅಂಗಡಿಗಳಲ್ಲಿ ಇರುವಂಥ ಸಣ್ಣ ಚೀಟಿ ಪ್ರಿಂಟರ್‌ಗಳಿಗೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ. ಅಕ್ಷರವನ್ನು ಚಿತ್ರ ಮಾಡಿ ಕಳಿಸಿದರೆ ಮಾತ್ರ ಮುದ್ರಿಸುತ್ತವೆ. ಆದರೆ ಪೇಜ್ ರಿಫ್ರೆಶ್ ಮಾಡಿ ನೋಡಿ ಅಂದಾಗ ಪರದೆಯ ಮೇಲೂ ಪ್ರಶ್ನೆ ಗುರುತೇ ಬಂತು. ಅಲ್ಲಿಗೆ ಪ್ರಿಂಟರ್ ಪಾರಾಯಿತು.

ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪೇಜ್ ತೆರೆದೆ. ಎಫ್12 ಒತ್ತಿದರೆ ಬ್ರೌಸರ್ ತನ್ನ ಹೊಟ್ಟೆಯೊಳಗಿನದನ್ನೆಲ್ಲ ತೋರಿಸುತ್ತದೆ. ಹೆಸರು ಟೈಪ್ ಮಾಡಿ ಸೇವ್ ಒತ್ತಿದೆ. ಹೊರಗೆ ಹೋದದ್ದು ಶುದ್ಧ ಕನ್ನಡವೇ. ಸರ್ವರಿನ ಲಾಗ್, ಅಂದರೆ ಅದರ ದಿನಚರಿ, ತೆಗೆದು ನೋಡಿದೆ. ಅಲ್ಲೂ ಮಂಜುನಾಥ ಅಂತಲೇ ಇದೆ. ಡೇಟಾಬೇಸಿನಲ್ಲಿ ನೋಡಿದರೆ ಪ್ರಶ್ನೆ ಗುರುತು. ಎಷ್ಟು ಅಂತ ಎಣಿಸಿದೆ. ಏಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಮಂಜುನಾಥ ಅನ್ನುವುದರಲ್ಲಿ ಎಷ್ಟು ಅಕ್ಷರ? ಮಂ, ಜು, ನಾ, ಥ. ನಾಲ್ಕು, ಅಲ್ವಾ? ಕಂಪ್ಯೂಟರಿಗೆ ಹಾಗಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಮ ಒಂದು, ಸೊನ್ನೆ ಒಂದು, ಜ ಒಂದು, ಅದರ ಕೊಂಬು ಒಂದು, ನ ಒಂದು, ಅದರ ಇಳಿ ಒಂದು, ಥ ಒಂದು. ಒಟ್ಟು ಏಳು. ಕಂಪ್ಯೂಟರಿನಲ್ಲಿ ಜಾಗದ ಅಳತೆ ಬೈಟ್. ಒಂದೊಂದನ್ನೂ ಬರೆದಿಡಲು ಮೂರು ಮೂರು ಬೈಟ್ ಬೇಕು. ಅಂದರೆ ಇಡೀ ಹೆಸರಿಗೆ 21 ಬೈಟ್. ಡೇಟಾಬೇಸಿಗೆ ಇದು ಕನ್ನಡ ಅಂತ ಗೊತ್ತೇ ಆಗದಿದ್ದರೆ ಆ 21 ಬೈಟನ್ನೂ ಬಿಡಿ ಬಿಡಿಯಾಗಿ ಓದಿ, ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ಎ ತರಹದ ವಿಚಿತ್ರ ಗುರುತುಗಳ ಸಾಲನ್ನೇ ತೋರಿಸುತ್ತಿತ್ತು. ಏಳೇ ಗುರುತು ಬಂದಿದೆ ಅಂದರೆ, ಅದು ಅಕ್ಷರಗಳನ್ನು ಸರಿಯಾಗಿ ಗುರುತಿಸಿದೆ. ಆದರೆ ಇಡಲು ಜಾಗ ಸಿಗದೆ ಒಂದೊಂದರ ಬದಲಿಗೆ ಒಂದೊಂದು ಪ್ರಶ್ನೆ ಗುರುತು ಇಟ್ಟು ಕೈ ತೊಳೆದುಕೊಂಡಿದೆ.

ಡೇಟಾಬೇಸಿನಲ್ಲಿ ಹೆಸರುಗಳನ್ನು ಇಡುವ ಪಟ್ಟಿಗೆ ಟೇಬಲ್ ಅಂತಾರೆ. ಅದನ್ನು ಹೇಗೆ ಮಾಡಿದ್ದೆ ಅಂತ ತೆಗೆದು ನೋಡಿದೆ. ಲ್ಯಾಟಿನ್1 ಅಂತ ಇತ್ತು, ಅಂದರೆ ಯುರೋಪಿನ ಅಕ್ಷರಗಳಿಗೆ ಮಾತ್ರ ಜಾಗ, ಕನ್ನಡಕ್ಕೆ ಇಲ್ಲ. ಪಕ್ಕದಲ್ಲೇ ಸ್ವೀಡಿಷ್ ಅಂತಲೂ ಇತ್ತು! ಇದೊಂದು ಮಜಾ. ಮೈಎಸ್‌ಕ್ಯೂಎಲ್ ಅನ್ನುವ ಈ ಡೇಟಾಬೇಸ್ 1995ರಲ್ಲಿ ಬಂದದ್ದು ಸ್ವೀಡನ್ನಿನ ಒಂದು ಕಂಪನಿಯಿಂದ. ನೀವೇನೂ ಹೇಳದೆ ಟೇಬಲ್ ಮಾಡಿದರೆ ಅದು ಯುರೋಪಿನ ಅಕ್ಷರಗಳನ್ನು ಇಟ್ಟುಕೊಂಡು, ಸ್ವೀಡಿಷ್ ಭಾಷೆಯ ಕ್ರಮದಲ್ಲಿ ಜೋಡಿಸುತ್ತಿತ್ತು. 2018ರಲ್ಲಿ ಎಂಟನೇ ಆವೃತ್ತಿ ಬರುವವರೆಗೂ ಹೀಗೇ ಇತ್ತು. ನನ್ನ ಸರ್ವರ್ ಅದಕ್ಕಿಂತ ಹಳೆಯದು. ಹಾಸನದ ಹಾಲಿನ ಸಂಘದ ಲೆಕ್ಕವನ್ನು ಸುಮ್ನೆ ಸ್ವೀಡಿಷ್‌ನಲ್ಲಿ ಇಟ್ಟಿದ್ದೆ.

ಟೇಬಲ್ ಸರಿ ಮಾಡಲು ಒಂದೇ ಸಾಲು ಸಾಕಾಯಿತು. ಹೋದ ಹೆಸರು ಮಾತ್ರ ವಾಪಸ್ ಬರುವುದಿಲ್ಲ. ಪ್ರಶ್ನೆ ಗುರುತಿನ ಒಳಗೆ ಮಂಜುನಾಥ ಅಡಗಿಕೊಂಡಿಲ್ಲ, ಅಲ್ಲಿರುವುದು ಪ್ರಶ್ನೆ ಗುರುತು ಮಾತ್ರ. ಅಷ್ಟೂ ಹೆಸರನ್ನು ಕಾರ್ಯದರ್ಶಿಗಳು ಮತ್ತೆ ಕೂತು ಹಾಕಬೇಕಾಯಿತು. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾತಾಡಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ರಾತ್ರಿ ಹಾಕುವಾಗ ಎಲ್ಲ ಸರಿಯಾಗಿಯೇ ಕಾಣ್ತಿತ್ತಲ್ಲ ಸಾರ್?"

ಒಳ್ಳೆಯ ಪ್ರಶ್ನೆ. ಯಾಕೆ ಕಾಣುತ್ತಿತ್ತು ಅಂದರೆ, ಅವರು ಟೈಪ್ ಮಾಡಿದ್ದನ್ನೇ ನನ್ನ ಪೇಜ್ ಪರದೆಯ ಮೇಲೆ ಹಾಗೇ ಇಟ್ಟುಕೊಂಡಿತ್ತು. ಸೇವ್ ಆದ ಮೇಲೆ ಡೇಟಾಬೇಸಿನಿಂದ ಮತ್ತೆ ಓದಿ ತೋರಿಸುವಂತೆ ನಾನು ಬರೆದಿರಲಿಲ್ಲ. ಬರೆದಿದ್ದರೆ ಮೊದಲ ಹೆಸರಿಗೇ ಗೊತ್ತಾಗಿಬಿಡುತ್ತಿತ್ತು. ಅಂದರೆ ತಪ್ಪು ಎರಡು ಕಡೆ ಇತ್ತು. ಕೆಳಗಿನ ಪದರ ಹೆಸರನ್ನು ನುಂಗಿತು, ಮೇಲಿನ ಪದರ ಅದನ್ನು ಮುಚ್ಚಿಟ್ಟಿತು. ಎರಡೂ ನನ್ನ ಕೈಕೆಲಸವೇ.

ಇದೇ ಕೆಲಸ ಒಂದು ದೊಡ್ಡ ಕಂಪನಿಯಲ್ಲಿ ಆಗಿದ್ದರೆ ಹೇಗಿರುತ್ತಿತ್ತು? ಪರದೆ ಮಾಡುವವರು "ನಮ್ಮ ಕಡೆಯಿಂದ ಸರಿಯಾಗಿ ಹೋಗ್ತಿದೆ" ಅನ್ನುತ್ತಾರೆ. ಅದು ನಿಜ. ಸರ್ವರಿನವರು "ನಮ್ಮ ಲಾಗಿನಲ್ಲಿ ಸರಿ ಇದೆ" ಅನ್ನುತ್ತಾರೆ. ಅದೂ ನಿಜ. ಡೇಟಾಬೇಸಿನವರು "ನೀವು ಹೇಳಿದ ಹಾಗೇ ಟೇಬಲ್ ಮಾಡಿದ್ದೇವೆ" ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ, ಮಂಜುನಾಥರ ಹೆಸರು ಮಾತ್ರ ಬರುತ್ತಿಲ್ಲ. ಆ ಹೆಸರಿನ ಬೆನ್ನು ಹತ್ತಿ ಮೇಲಿನಿಂದ ಕೆಳಗಿನವರೆಗೆ ಇಳಿದು ನೋಡುವವನೇ, ನನ್ನ ಲೆಕ್ಕದಲ್ಲಿ, ಫುಲ್ ಸ್ಟ್ಯಾಕ್ ಡೆವಲಪರ್. ಎಲ್ಲದರಲ್ಲೂ ಪಂಡಿತನಾಗಿರಬೇಕು ಅಂತೇನಿಲ್ಲ. ನನ್ನ ಕೈ ಪಳಗಿರುವುದು ಡೇಟಾಬೇಸಿನಲ್ಲಿ. ಪರದೆಯ ನಟ್ಟನಡುವೆ ಒಂದು ಗುಂಡಿ ಕೂರಿಸಬೇಕಾದರೆ ಈಗಲೂ ನನಗೆ ಅರ್ಧ ಗಂಟೆ ಬೇಕು.

ಮೊದಲು ಫುಲ್ ಸ್ಟ್ಯಾಕ್ ಅನ್ನುವ ಹೆಸರೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ವೆಬ್‌ಮಾಸ್ಟರ್ ಅಂತ ಒಬ್ಬರಿರುತ್ತಿದ್ದರು. ಪೇಜ್ ಬರೆಯುವುದು, ಸರ್ವರ್ ನೋಡಿಕೊಳ್ಳುವುದು ಎಲ್ಲ ಅವರೇ. ಲಿನಕ್ಸ್, ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ ಈ ನಾಲ್ಕು ತಂತ್ರಾಂಶ ಬಂದರೆ ಒಂದು ವೆಬ್‌ಸೈಟ್ ಎದ್ದು ನಿಲ್ಲುತ್ತಿತ್ತು. 2004ರಲ್ಲಿ ಜಿಮೇಲ್, ಮರುವರ್ಷ ಗೂಗಲ್ ಮ್ಯಾಪ್ಸ್ ಬಂದವು. ಬ್ರೌಸರಿನೊಳಗೇ ಇಷ್ಟೆಲ್ಲ ಮಾಡಬಹುದಾ ಅಂತ ಎಲ್ಲರಿಗೂ ಆಶ್ಚರ್ಯ. ಪರದೆಯ ಕೆಲಸವೇ ದೊಡ್ಡದಾಗಿ ಬೆಳೆದು, ಅಣ್ಣತಮ್ಮಂದಿರ ಹಾಗೆ ಎರಡೂ ಕಡೆಯವರು ಪಾಲಾದರು.

ಮತ್ತೆ ಒಂದುಗೂಡಲು ದಾರಿ ಮಾಡಿಕೊಟ್ಟದ್ದು ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನದಲ್ಲಿ ಇದರ ಮೊದಲ ರೂಪ ಮಾಡಿದರು. ಆ ಅವಸರದ ಗುರುತುಗಳು ಇವತ್ತಿಗೂ ಅದರಲ್ಲಿ ಉಳಿದಿವೆ, ದಿನವೂ ಬೈಯುತ್ತಲೇ ಬಳಸುತ್ತೇವೆ. ಬಹಳ ವರ್ಷ ಅದು ಹೆಚ್ಚಾಗಿ ಬ್ರೌಸರಿನೊಳಗಿನ ಭಾಷೆಯಾಗಿತ್ತು. 2009ರಲ್ಲಿ ರಯಾನ್ ಡಾಲ್ ನೋಡ್ ಜೆಎಸ್ ತಂದು, ಅದೇ ಭಾಷೆಯನ್ನು ಸರ್ವರಿನಲ್ಲೂ ಓಡಿಸಿದರು. 2013ರಲ್ಲಿ ಫೇಸ್‌ಬುಕ್ ಪರದೆ ಕಟ್ಟಲು ಬಳಸುವ ತನ್ನ ರಿಯಾಕ್ಟ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಒಂದು ಭಾಷೆ ಕಲಿತರೆ ಮೇಲೂ ಕೆಳಗೂ ಕೆಲಸ ಮಾಡಬಹುದು ಅಂತಾಯಿತು. ಬೋರ್ಡುಗಳು ಎದ್ದದ್ದು ಆಮೇಲೆ.

ಆ ಬೋರ್ಡುಗಳ ಬಗ್ಗೆ ನನಗೆ ಸ್ವಲ್ಪ ಕೋಪ ಇದೆ. ಆರು ತಿಂಗಳು ಕಲಿತು, ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಒಂದು ಆ್ಯಪ್ ಮಾಡಿ, ಮಕ್ಕಳು ರೆಸ್ಯೂಮೆಯಲ್ಲಿ ಫುಲ್ ಸ್ಟ್ಯಾಕ್ ಅಂತ ಬರೆದುಕೊಳ್ಳುತ್ತಾರೆ. ಅವರದ್ದೇನೂ ತಪ್ಪಿಲ್ಲ. ಆದರೆ ಆ ಆ್ಯಪನ್ನು ಬಳಸುವವರು ಅವರೊಬ್ಬರೇ. ಬೆಳಗ್ಗೆ ಆರೂವರೆಗೆ ಯಾರೂ ಫೋನ್ ಮಾಡಿ ಬೈಯುವುದಿಲ್ಲ. ಪಕ್ಕದ ಕಿರಾಣಿ ಅಂಗಡಿಗೋ ಊರಿನ ಲೈಬ್ರರಿಗೋ ಒಂದು ಸಣ್ಣ ಕೆಲಸ ಮಾಡಿಕೊಟ್ಟರೆ ಒಂದೇ ತಿಂಗಳಲ್ಲಿ ಜಾಸ್ತಿ ಕಲಿಯಬಹುದು.

ಕಂಪನಿಗಳ ಮೇಲೂ ಕೋಪ ಇದೆ. ಚೆಂಡೆಯ ಮಾತು ಬಂದದ್ದು ಇದಕ್ಕೇ. ಕೆಲವು ಜಾಹೀರಾತು ಓದಿ ನೋಡಿ. ರಿಯಾಕ್ಟ್ ಬೇಕು, ಆ್ಯಂಗ್ಯುಲರ್ ಬೇಕು, ಜಾವಾ ಬೇಕು, ಎರಡು ಡೇಟಾಬೇಸ್ ಬೇಕು, ಕ್ಲೌಡ್ ಬೇಕು, ಡಿಸೈನ್ ಗೊತ್ತಿದ್ದರೆ ಒಳ್ಳೆಯದು, ಅನುಭವ ಎರಡು ವರ್ಷ. ಮೂರು ಜನರ ಕೆಲಸ, ಒಬ್ಬರ ಸಂಬಳ. ರಾತ್ರಿ ಸರ್ವರ್ ಬಿದ್ದರೂ ಏಳಬೇಕಾದವರು ಅವರೇ.

ಈಗ ಎಐ ಬಂದಿದೆ, ಕೋಡ್ ಅದೇ ಬರೆದುಕೊಡುತ್ತದಲ್ಲ ಅಂತ ಕೇಳುವವರಿದ್ದಾರೆ. ಬರೆದುಕೊಡುತ್ತದೆ, ನಾನೂ ಬಳಸುತ್ತೇನೆ, ತುಂಬಾ ಸಮಯ ಉಳಿಯುತ್ತದೆ. ಆದರೆ ಸೀತಮ್ಮನವರ ವಿಷಯದಲ್ಲಿ ಏನಾಯಿತು ಅಂತ ಹೇಳುತ್ತೇನೆ. ಅವರು ಅದೇ ಸಂಘದ ಸದಸ್ಯರು. ಪಟ್ಟಿಯಲ್ಲಿ ಅವರ ಹೆಸರು ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಹುಡುಕುವ ಕೋಡ್ ಎಐ ಬರೆದದ್ದೇ, ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಶಾಲೆಯಲ್ಲಿ ಕಾಗುಣಿತ ಕಲಿತದ್ದು ನೆನಪಿದೆಯಾ? ಗುಡಿಸು, ಗುಡಿಸಿನ ದೀರ್ಘ. ಸೀ ಬರೆಯಲು ಯೂನಿಕೋಡಿನಲ್ಲಿ ಎರಡು ದಾರಿ ಇದೆ. ಗುಡಿಸಿನ ದೀರ್ಘ ಅಂತ ಒಂದೇ ಗುರುತು ಇಡಬಹುದು. ಇಲ್ಲವೇ ಗುಡಿಸು ಒಂದು, ದೀರ್ಘ ಒಂದು, ಹೀಗೆ ಎರಡಾಗಿ ಇಡಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸೀತಮ್ಮನವರ ಹೆಸರು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲೊಂದರಿಂದ ಪರಿವರ್ತನೆಯಾಗಿ ಬಂದಿತ್ತು, ಅಲ್ಲಿ ಎರಡು ಗುರುತಿತ್ತು. ಕೀಬೋರ್ಡಿನಿಂದ ಬರುವುದು ಒಂದೇ ಗುರುತು. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ನಾರ್ಮಲೈಜ್ ಅನ್ನುವ ಒಂದು ಪದ ಸಾಕು. ಆ ಪದ ಹಾಕು ಅಂತ ಎಐಗೆ ಹೇಳಲು ನನಗೆ ಎರಡು ದಿನ ಹಿಡಿಯಿತು. ಒಂದನೇ ಕ್ಲಾಸಿನ ಕಾಗುಣಿತ ಕೈ ಹಿಡಿಯದಿದ್ದರೆ ಇನ್ನೂ ನಾಲ್ಕು ದಿನ ಆಗುತ್ತಿತ್ತೇನೋ.

ಕೃಷ್ಣಪ್ಪನವರದು ಇನ್ನೊಂದು ಕಥೆ. ಹೆಸರು ಡೇಟಾಬೇಸಿನಲ್ಲಿ ಸರಿ, ಪರದೆಯ ಮೇಲೂ ಸರಿ. ಚೀಟಿಯಲ್ಲಿ ಮಾತ್ರ ಷಕ್ಕೆ ಣ ಒತ್ತು ಬರುವ ಬದಲು ಕೃಷ್‌ಣಪ್‌ಪ ಅಂತ ಬಿಡಿ ಬಿಡಿಯಾಗಿ ಬರುತ್ತಿತ್ತು. ಚೀಟಿ ಮಾಡುವ ತಂತ್ರಾಂಶಕ್ಕೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಬ್ರೌಸರಿಗೆ ಅದು ಬರುತ್ತದೆ. ಚೀಟಿಯ ಚಿತ್ರವನ್ನು ಬ್ರೌಸರಿನ ಕೈಯಲ್ಲೇ ಮಾಡಿಸಿದೆ, ಸರಿಹೋಯಿತು.

ಕಳೆದ ತಿಂಗಳು ಆ ಊರಿಗೆ ಹೋಗಿದ್ದೆ. ಸಂಜೆ ಹಾಲು ಹಾಕುವ ಹೊತ್ತು. ಮಂಜುನಾಥರು ಚೀಟಿ ತೆಗೆದುಕೊಂಡು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಹೆಸರೇನೋ ಸರಿ ಬಂದಿದೆ ಸಾರ್" ಅಂದರು. "ನನ್ನ ಇನಿಷಿಯಲ್ ಎಲ್ಲಿ? ಈ ಊರಲ್ಲಿ ನಾಲ್ಕು ಜನ ಮಂಜುನಾಥ ಇದ್ದೀವಿ."

ಪರದೆಯ ಮೇಲೆ ಒಂದು ಹೊಸ ಖಾನೆ, ಸರ್ವರಿನಲ್ಲಿ ಅದನ್ನು ಓದುವ ನಾಲ್ಕು ಸಾಲು, ಟೇಬಲಿನಲ್ಲಿ ಒಂದು ಕಾಲಂ, ಹುಡುಕುವಾಗ ಅದನ್ನೂ ಸೇರಿಸಬೇಕು, ಚೀಟಿಯಲ್ಲಿ ಜಾಗ ಮಾಡಬೇಕು. ಸೋಮವಾರ ಮಾಡಿಕೊಡುತ್ತೇನೆ ಅಂದಿದ್ದೆ. ಯಾವ ಸೋಮವಾರ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮಸ್ಕಾರ.